ಸ್ಕ್ರಿಪ್ಟ್ ಆಫ್ ಮೇಷ್ಟ್ರು

ನಮ್ಮ ಆಫೀಸಿನಲ್ಲಿ ವೆಬ್‌ಸೈಟ್ ತಪಾಸಣೆ ಮಾಡುವ ಮೇಷ್ಟ್ರಿಗೆ ಯಾವ ಹೊಸ ಪುಟ ತೋರಿಸಿದರೂ ಮೊದಲು ಅದನ್ನು ಕುಣಿಸುವ ಸ್ಕ್ರಿಪ್ಟ್ ಎಂಬ ಕೋಡನ್ನು ಆಫ್ ಮಾಡುತ್ತಾರೆ. ಥಳುಕು ಬಳುಕೆಲ್ಲ ಮಾಯವಾಗಿ ಪರದೆ ಬಿಳುಚಿಕೊಂಡರೆ, "ಸರ್ಚ್ ಇಂಜಿನ್‌ಗೆ ಖಾತ್ರಿಯಾಗಿ ಕಾಣೋದು ಇಷ್ಟೇ ಕಣ್ರೀ! ಬರಹ ಮೊದಲೇ ಪುಟದಲ್ಲಿರಲಿ, ಲಿಂಕ್ ನಿಜವಾದ ಲಿಂಕಾಗಿರಲಿ," ಎಂದು ಗದರುತ್ತಾರೆ. ಮದುವೆ ಕರೆಯೋಲೆ ಕೊಟ್ಟರೂ, "ಬಣ್ಣ ತೆಗೆದರೆ ವಿಳಾಸ ಉಳಿಯುತ್ತೇನ್ರೀ?" ಎನ್ನುವ ಆಸಾಮಿ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ನಿನ್ನೆ ಅವರ ಅಕ್ಕನ ಫೋನ್ ಬಂತು. "ಲೋ, ನೀನು ಪುಟ ಬದಲಿಸಿದ ಮೇಲೆ, ಹೊಲಿಗೆ ಮೆಷಿನ್ ರಿಪೇರಿ ಅಂತ ನೆಟ್‌ನಲ್ಲಿ ಹುಡುಕಿ ಗಿರಾಕಿಗಳು ನಮ್ಮ ಅಂಗಡಿಗೇ ಬಂದ್ರು ಕಣೋ!" ಮೇಷ್ಟ್ರು ಕನ್ನಡಕ ತೆಗೆದು, ನಿರಾಳವಾಗಿ ಉಸಿರುಬಿಟ್ಟು, ನಮ್ಮ ಕಡೆ ತಿರುಗಿದರು. "ಮೊದಲು ಕುಣಿಯೋ ಪುಟ ಮಾಡಿಕೊಟ್ಟು ಅವಳ ಅಂಗಡೀನ ವರ್ಷವಿಡೀ ಸರ್ಚ್ ಇಂಜಿನ್ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟವನು ನಾನೇ ಕಣ್ರೀ."