ಆರ್ಟ್ಸ್‌ಗೆ ಹದಿನೈದು ಜನ ಬೇಕಾಗಿದ್ದಾರೆ

"ಸಾ, ನೀವ್ ಏಳುದ್ರಿ ಅಂತ ನಾನು ಆರ್ಟ್ಸ್ ಅಂತ ಬರ್ಕೊಟ್ಟೆ. ಇಲ್ಲಿ ನೋಡುದ್ರೆ ಈ ಸಲ ಆರ್ಟ್ಸೇ ಇಲ್ವಂತೆ. ಈಗೇನ್ ಮಾಡ್ಲಿ?"

ಬೆಳಿಗ್ಗೆ ಒಂಬತ್ತೂವರೆಗೆ ಬಂದ ಫೋನು. ಹಲೋ ಇಲ್ಲ, ನಮಸ್ಕಾರ ಇಲ್ಲ. ಯಾರಮ್ಮಾ ನೀನು ಅಂದೆ. "ಸಿಂಚನ ಸಾ. ಕಲ್ಲಿನ್ ವಿಚಾರ ಕೇಳಿದ್ನಲ್ಲ, ಅವ್ಳು" ಅಂದಳು.

ಕಲ್ಲು ಅಂದಕೂಡಲೇ ನೆನಪಾಯಿತು. ಜನವರಿಯಲ್ಲಿ ಒಂದು ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವಾಗ, ಸುತ್ತೂರು ದಾಟಿ ಒಳಗೆ ತಿರುಗಿದರೆ ಸಿಗುವ ಒಂದು ಊರು. ನಾನೇ ಮುಖ್ಯ ಅತಿಥಿ. (ಒಪ್ಪಿಕೊಂಡಿದ್ದ ದೊಡ್ಡವರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರು.) ಭಾಷಣ ಮುಗಿಸಿ, ಪ್ರಶ್ನೆ ಇದ್ದರೆ ಕೇಳಿ ಮಕ್ಕಳೇ ಅಂದೆ. ಯಾರೂ ಕೇಳುವುದಿಲ್ಲ ಅನ್ನುವ ಧೈರ್ಯದಲ್ಲೇ ಎಲ್ಲರೂ ಹಾಗನ್ನುವುದು. ಆದರೆ ಹತ್ತನೇ ಕ್ಲಾಸಿನ ಸಾಲಿನಿಂದ ಇವಳು ಎದ್ದು ನಿಂತಳು.

ಅವರೂರ ಕೆರೆಯ ಹತ್ತಿರ ಒಂದು ಕಲ್ಲಿದೆಯಂತೆ. ಅದರ ತುಂಬ ಹಳೇ ಅಕ್ಷರ. ಹೆಂಗಸರು ಅದರ ಮೇಲೇ ಬಟ್ಟೆ ಒಗೆಯುತ್ತಾರಂತೆ. "ಅದ್ರಲ್ಲಿರೋದ್ನ ಓದೋಕೆ ಎಲ್ ಕಲಿಸ್ತಾರೆ ಸಾ? ನಮ್ ಮೇಷ್ಟ್ರುಗೂ ಬರಲ್ವಂತೆ." ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ನನಗೋ, ಎದೆ ಉಬ್ಬಿಹೋಯಿತು. ಮೈಕ್ ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ. ಪಿಯುಸಿಯಲ್ಲಿ ಆರ್ಟ್ಸ್ ತಗೋ ಮಗೂ, ಇತಿಹಾಸ ಓದು, ಆಮೇಲೆ ಡಿಗ್ರಿ, ಎಂ.ಎ. ಶಾಸನ ಓದೋದನ್ನ ಅಲ್ಲಿ ಕಲಿಸ್ತಾರೆ. ಎಲ್ಲರೂ ಸೈನ್ಸ್ ಸೈನ್ಸ್ ಅಂತಾರೆ, ನೀನು ಕಿವಿಗೆ ಹಾಕ್ಕೋಬೇಡ. ಇಷ್ಟಪಟ್ಟಿದ್ದನ್ನ ಓದು! ಚಪ್ಪಾಳೆಯೋ ಚಪ್ಪಾಳೆ. ಏನಾದರೂ ಬೇಕಾದರೆ ಫೋನ್ ಮಾಡು ಅಂತ ಅವಳ ನೋಟ್‌ಬುಕ್ಕಿನ ಮೇಲೆ ನಂಬರ್ ಬೇರೆ ಬರೆದುಕೊಟ್ಟಿದ್ದೆ.

ಹತ್ತನೇ ಕ್ಲಾಸಿನ ತನಕ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಎಲ್ಲ ಸೇರಿ ಸಮಾಜ ವಿಜ್ಞಾನ ಅಂತ ಒಂದೇ ಸಬ್ಜೆಕ್ಟು. ಮನೆಗಳಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ: ಪರ್ಸೆಂಟೇಜ್ ಎತ್ತುವ ಸಬ್ಜೆಕ್ಟು. ಉರು ಹೊಡಿ, ಮಾರ್ಕ್ಸ್ ತೆಗಿ, ಏಪ್ರಿಲ್‌ನಲ್ಲಿ ಮರೆತುಬಿಡು. ಸಿಂಚನ ಮರೆಯಲಿಲ್ಲ, ಅಷ್ಟೇ ಅವಳು ಮಾಡಿದ ತಪ್ಪು. ನೂರಕ್ಕೆ ತೊಂಬತ್ತೆಂಟು ತೆಗೆದುಕೊಂಡು, ಅವರ ಪಕ್ಕದೂರಿನ ಜೂನಿಯರ್ ಕಾಲೇಜಿನಲ್ಲಿ ಆರ್ಟ್ಸ್‌ಗೆ ಅರ್ಜಿ ಹಾಕಿದ್ದಳು.

ಫೋನ್ ಬಂದ ಮಾರನೇ ದಿನವೇ ಆ ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಸಂಭಾವಿತ ಮನುಷ್ಯ. ಅವರೇ ಇತಿಹಾಸದ ಲೆಕ್ಚರರ್ ಕೂಡ. ಹದಿನೈದು ಜನ ಆಗದಿದ್ದರೆ ಸೆಕ್ಷನ್ ನಡೆಸುವ ಹಾಗಿಲ್ಲ, ಬಂದಿರುವುದು ಒಂಬತ್ತೇ ಅರ್ಜಿ, ಶನಿವಾರದ ತನಕ ಟೈಮ್ ಇದೆ ಅಂದರು. "ಕಾಮರ್ಸ್‌ಗೆ ಬೆಂಚ್ ಸಾಲ್ತಿಲ್ಲ ಸಾರ್. ನನ್ನ ಸಬ್ಜೆಕ್ಟ್‌ಗೆ ಬೆಂಚ್ ಖಾಲಿ. ಈ ವರ್ಷ ನಾನು ಟಿ.ಸಿ.ಗೆ ಸೈನ್ ಹಾಕ್ಕೊಂಡು ಕೂತಿರಬೇಕು ಅಷ್ಟೇ."

ಮನೆ ಮನೆಗೆ ಹೋಗಿ ಕೇಳೋಣ ಬನ್ನಿ ಅಂದೆ. ಹೌದು, ನಾನೇ ಅಂದಿದ್ದು.

ಶುಕ್ರವಾರ ಹೊರಟೆವು. ಪ್ರಿನ್ಸಿಪಾಲರು, ನಾನು, ಸಿಂಚನ. ಜೊತೆಗೆ ಅವಳಪ್ಪ ಸಿದ್ದರಾಜು. ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಮಗಳಿಗೋಸ್ಕರ ರಜಾ ಹಾಕಿ ಬಂದಿದ್ದ. ಹೆಚ್ಚು ಮಾತಿಲ್ಲ. ನಾನು ಮಾತಾಡಿದಾಗಲೆಲ್ಲ ತಲೆ ಆಡಿಸುತ್ತಿದ್ದ. ವೋಟು ಕೇಳುವವರ ಹಾಗೆ ಬೀದಿ ಬೀದಿ ಸುತ್ತಿದೆವು. ಟೀಚರ್ ಆಗಬಹುದು, ಕೆಎಎಸ್ ಬರೆಯಬಹುದು, ಲಾ ಓದಬಹುದು. ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹೆಸರು ಸಿಕ್ಕವು. ಹದಿಮೂರು!

ಉಳಿದಿದ್ದು ರತ್ನಮ್ಮನವರ ಮನೆ. ಅವರ ಮಗಳು, ಪಕ್ಕದ ಮನೆಯಲ್ಲಿರುವ ಅವರ ತಂಗಿಯ ಮಗಳು, ಇಬ್ಬರೂ ಸಿಂಚನಳ ಕ್ಲಾಸ್‌ಮೇಟುಗಳು. ಒಬ್ಬಳು ಸೇರಿದರೆ ಇನ್ನೊಬ್ಬಳೂ ಸೇರುತ್ತಾಳೆ. ಅಲ್ಲಿಗೆ ಹದಿನೈದು. ಸಿಂಚನ ನಮಗಿಂತ ಮುಂದೆ ಓಡಿಹೋಗಿ ಬಾಗಿಲು ತಟ್ಟಿದಳು.

ರತ್ನಮ್ಮ ಜಗಲಿಯಲ್ಲೇ ಕೂರಿಸಿದರು. ವಿಷಯ ಕೇಳಿ ಮುಖ ಗಂಟು ಹಾಕಿಕೊಂಡರು. "ಯಾಕ್ ಸಾ, ನನ್ ಮಗಳು ದಡ್ಡಿ ಅಂತ ಯಾರಾರ ಏಳುದ್ರಾ? ಆರ್ಟ್ಸು ದಡ್ಡ್ರು ಓದೋದಲ್ವಾ?"

ನಾನು ಶುರು ಮಾಡಿದೆ. ಹಾಗಲ್ಲ ತಾಯೀ, ದೇಶ ನಡೆಸೋದು ಹೇಗೆ ಅಂತ ಕಲಿಸೋದೇ ಇದು, ಕಾನೂನು, ಹಕ್ಕು, ನಮ್ಮ ಹಿಂದಿನವರು ಯಾರು ಅನ್ನೋದು... ಹದಿನೈದು ನಿಮಿಷ ಬಿಡದೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ರತ್ನಮ್ಮನವರ ಮುಖ ಸಡಿಲವಾಯಿತು. ಒಳಗಿನಿಂದ ಮಗಳೂ ಬಂದು ಬಾಗಿಲ ಹತ್ತಿರ ನಿಂತಳು. ಪ್ರಿನ್ಸಿಪಾಲರು ಬ್ಯಾಗಿನಿಂದ ಅರ್ಜಿ ಫಾರಂ ತೆಗೆದರು.

ಆಗ ರತ್ನಮ್ಮ ಕೇಳಿದರು, "ನಿಮ್ ಮಕ್ಳು ಏನ್ ಓದ್ತಾವ್ರೆ ಸಾ?"

ಕುಹಕದಿಂದ ಕೇಳಿದ್ದಲ್ಲ. ಮನೆಗೆ ಬಂದವರನ್ನು ಎಲ್ಲರೂ ಕೇಳುವ ಮಾತು ಅದು.

ನನಗೆ ಒಬ್ಬಳೇ ಮಗಳು, ಅನನ್ಯ. ಅವಳದೂ ಈ ವರ್ಷವೇ ಎಸ್ಸೆಸ್ಸೆಲ್ಸಿ ಆಯಿತು. ಪೇಪರ್ ಬಂದರೆ ನನಗಿಂತ ಮೊದಲು ಓದುವವಳು. ಪಂಚಾಯ್ತಿ ಎಲೆಕ್ಷನ್ ಯಾಕೆ ಮುಂದಕ್ಕೆ ಹೋಗ್ತಿದೆ ಅಂತ ಊಟಕ್ಕೆ ಕೂತಾಗ ನನ್ನ ಜೊತೆ ಜಗಳ ಆಡುವವಳು. ಸಮಾಜ ವಿಜ್ಞಾನದಲ್ಲಿ ತೊಂಬತ್ತೇಳು. ಒಳ್ಳೇದಾಯ್ತು, ಪರ್ಸೆಂಟೇಜ್ ಎತ್ತಿತು ಅಂದಿದ್ದೆ. ರಿಸಲ್ಟ್ ಬರುವ ಮೊದಲೇ ಮೈಸೂರಿನ ಒಂದು ಕಾಲೇಜಿನಲ್ಲಿ ಅವಳಿಗೆ ಸೈನ್ಸ್ ಸೀಟು ಹಿಡಿದು, ನೀಟ್ ಕೋಚಿಂಗ್‌ಗೂ ಸೇರಿಸಿಯಾಗಿತ್ತು. (ಸೇಫರ್ ಸೈಡ್ ಅಂತಾರಲ್ಲ, ಅದು. ನೀವೂ ಅಂದಿರುತ್ತೀರಿ.)

ಸುಳ್ಳು ಬಾಯಿ ತುದಿಗೆ ಬಂದಿತ್ತು. ಪ್ರಿನ್ಸಿಪಾಲರು ನನ್ನನ್ನೇ ನೋಡುತ್ತಿದ್ದರು. ಸಿಂಚನಳೂ ನೋಡುತ್ತಿದ್ದಳು, ನಗುನಗುತ್ತಾ, ಉತ್ತರ ಮೊದಲೇ ಗೊತ್ತಿದೆ ಅನ್ನುವ ಹಾಗೆ. ಆ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ಸೈನ್ಸ್" ಅಂದೆ.

ರತ್ನಮ್ಮ ಒಂದು ಚುಚ್ಚುಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು. "ಸರಿ ಬುಡಿ ಸಾ. ಕಾಪಿ ಕುಡ್ಕೊಂಡ್ ಓಗಿ" ಅಂದು ಒಳಗೆ ಎದ್ದುಹೋದರು. ಬಾಗಿಲಲ್ಲಿದ್ದ ಮಗಳೂ ಅವರ ಹಿಂದೆಯೇ ಹೋದಳು. ಪ್ರಿನ್ಸಿಪಾಲರು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಕಾಫಿ ಬಂತು, ಕುಡಿದೆ.

ಶನಿವಾರ ಸಂಜೆಯ ತನಕ ಹದಿಮೂರು ಹದಿಮೂರಾಗಿಯೇ ಇತ್ತು. ಸೆಕ್ಷನ್ ಇಲ್ಲ ಅಂತ ನೋಟಿಸ್ ಬೋರ್ಡಿಗೆ ಹಾಕಿದರು. ಅದನ್ನು ಅಂಟಿಸಿದ್ದೂ ಇತಿಹಾಸದ ಲೆಕ್ಚರರ್ರೇ.

ನಾನು ಸಿದ್ದರಾಜುಗೆ ಫೋನ್ ಮಾಡಿದೆ. ನಂಜನಗೂಡಿನಲ್ಲಿ ಆರ್ಟ್ಸ್ ಇದೆಯಪ್ಪಾ, ಅಲ್ಲಿಗೆ ಸೇರಿಸು, ಹೇಗಿದ್ರೂ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಂದೆ.

"ಬೇಜಾರ್ ಮಾಡ್ಕೋಬೇಡಿ ಸಾ" ಅಂದ. "ದಿನಾ ಎಲ್ಡೆಲ್ಡ್ ಬಸ್ ಅತ್ತಿ ಇಳ್ದು ಓದೋವಂಥದ್ದಾಗಿದ್ರೆ, ಮನೆ ತಾವೇ ಕಾಲೇಜ್ ಇರೋ ನೀವು ನಿಮ್ ಮಗಳ್ಗೂ ಅದ್ನೇ ಓದುಸ್ತಿದ್ರಿ ಅಲ್ವಾ? ನೀವ್ ತಿಳ್ದೋರು. ನೀವ್ ಮಾಡಿರೋದ್ ನೋಡಿ ತಾನೇ ನಾವ್ ಮಾಡ್ಬೇಕು?"

ಬೇಡ ಸಿದ್ದರಾಜು, ನಾನು ಮಾಡಿದ್ದನ್ನ ನೋಡಬೇಡ, ಹೇಳಿದ್ದನ್ನ ಕೇಳು ಅನ್ನಬೇಕಿತ್ತು. ಯಾವ ಬಾಯಲ್ಲಿ ಅನ್ನಲಿ? ಸಿಂಚನಗೆ ಒಂದು ಸಲ ಫೋನ್ ಕೊಡು ಅಂದೆ. ಕೊಟ್ಟ. "ಕಾಮರ್ಸ್ ಸೇರ್ಕೋತೀನಿ ಸಾ. ಪರವಾಗಿಲ್ಲ ಸಾ" ಅಂದಳು. ಸಮಾಧಾನ ಹೇಳಬೇಕಾಗಿದ್ದವನು ನಾನು, ಹೇಳಿದವಳು ಅವಳು. ನಾಚಿಕೆಯಾಯಿತು. ಇನ್ನು ಯಾವ ಶಾಲೆಯವರು ಕರೆದರೂ ಭಾಷಣಕ್ಕೆ ಹೋಗುವುದಿಲ್ಲ ಅಂತ ಅಂದುಕೊಂಡಿದ್ದೇನೆ.

ಸೋಮವಾರ ಬೆಳಿಗ್ಗೆ ಅನನ್ಯಳನ್ನು ಕೋಚಿಂಗ್‌ಗೆ ಬಿಡಲು ಹೊರಟೆ. ಮನಸ್ಸು ತಡೆಯದೆ ದಾರಿಯಲ್ಲಿ ಎಲ್ಲವನ್ನೂ ಅವಳಿಗೆ ಹೇಳಿದೆ. ಸ್ಕೂಟರಿನ ಹಿಂದೆ ಬ್ಯಾಗ್ ತಬ್ಬಿಕೊಂಡು ಕೂತಿದ್ದವಳು ಕೇಳಿಸಿಕೊಂಡಳು. ಕೋಚಿಂಗ್ ಸೆಂಟರ್ ಮುಂದೆ ಇಳಿದು ಬ್ಯಾಗ್ ಹೆಗಲಿಗೆ ಹಾಕಿಕೊಂಡಳು.

"ಅಪ್ಪಾ, ಅಷ್ಟೂ ಮನೆಗೆ ಹೋಗಿ ಕೇಳಿದ್ಯಲ್ಲ, ನನ್ನನ್ನ ಯಾವತ್ತಾದರೂ ಕೇಳಿದ್ಯಾ?"