ರದ್ದಿಗೆ ಕೊಡದ ಮೂರು ಮೂಟೆ

ಮೊಮ್ಮಕ್ಕಳೇ, ನಿಮ್ಮಲ್ಲೊಬ್ಬಳಿಗೆ ಈ ಹೈದರಾಬಾದಿನಲ್ಲಿ ನಾನು ಕೆಲಸ ಮಾಡಿದ ಯೂನಿವರ್ಸಿಟಿಯಲ್ಲೇ ಸೀಟು ಸಿಕ್ಕಿತು. ಅವರು ಕೊಟ್ಟ ಬಣ್ಣದ ಪುಸ್ತಿಕೆಯನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಹಾಸ್ಟೆಲ್, ಆಸ್ಪತ್ರೆ, ಬ್ಯಾಂಕು, ಆಟದ ಬಯಲು, ದೊಡ್ಡ ಲೈಬ್ರರಿ ಎಲ್ಲದರ ಚಿತ್ರವಿದೆ. ಚರಿತ್ರೆ ಎಂದು ಒಂದು ಪುಟವೂ ಇದೆ. ಇಂಗ್ಲಿಷಿನಲ್ಲಿದ್ದದ್ದನ್ನು ನೀವು ಓದಿ ಹೇಳಿದಿರಿ. ನಮ್ಮ ಕನ್ನಡದವರ ಸುದ್ದಿ ಒಂದು ಸಾಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಾಯಚೂರು, ಕಲಬುರಗಿ, ಬೀದರದವರಿಗೆ ಹಿಂದೆ ಹೈದರಾಬಾದೇ ರಾಜಧಾನಿ. ಹೆಚ್ಚು ಓದಬೇಕೆಂದವರು ರೈಲು ಹತ್ತಿ ಇಲ್ಲಿಗೇ ಬರುತ್ತಿದ್ದರು. ಅವರಿಗಾಗಿ ಲೈಬ್ರರಿ ಕನ್ನಡ ಪುಸ್ತಕ ತರಿಸಿತ್ತು. ಐವತ್ತಾರರಲ್ಲಿ ಆ ರಾಜ್ಯ ಭಾಷೆವಾರು ಹಂಚಿಹೋದ ಮೇಲೆ ಹುಡುಗರು ಧಾರವಾಡ, ಮೈಸೂರಿನ ದಾರಿ ಹಿಡಿದರು. ಪುಸ್ತಕಗಳು ಇಲ್ಲೇ ಉಳಿದವು.

ನಿಮ್ಮ ಅಜ್ಜ ಅಲ್ಲಿ ಪರೀಕ್ಷಾ ವಿಭಾಗದ ಗುಮಾಸ್ತರು. ಅವರು ತೀರಿಕೊಂಡಾಗ ನನಗೆ ಲೈಬ್ರರಿಯಲ್ಲಿ ಅಟೆಂಡರ್ ಕೆಲಸ ಕೊಟ್ಟರು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು. ತೆಲುಗು ಅರ್ಧ ತಿಳಿಯುತ್ತಿತ್ತು. ಹಿಂದಿ ತಿಳಿದರೂ ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ. ತಲೆ ತುಂಬ ಸೆರಗು ಹೊದ್ದು ಧೂಳು ಒರೆಸುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಕಪಾಟಿನ ಹಿಂದೆ ಸರಿಯುತ್ತಿದ್ದೆ.

ಕನ್ನಡ ಪುಸ್ತಕಗಳು ತೆಲುಗಿನವುಗಳ ನಡುವೆ ಚದುರಿದ್ದವು. ಇಟ್ಟವರು ಉರ್ದು ಕಲಿತವರು. ಎರಡೂ ಲಿಪಿ ಅವರ ಕಣ್ಣಿಗೆ ಒಂದೇ. ನಾನು ಯಾರಿಗೂ ಹೇಳದೆ ಒಂದೊಂದೇ ಆರಿಸಿ ಮೂಲೆಯ ಕಪಾಟಿಗೆ ತಂದೆ. ಮಧ್ಯಾಹ್ನ ರೊಟ್ಟಿ ತಿಂದು ಅಲ್ಲೇ ಓದುತ್ತಿದ್ದೆ.

ಒಟ್ಟುಗೂಡಿಸಿದ್ದೇ ಅವಕ್ಕೆ ಮುಳುವಾಯಿತು. ಚದುರಿದ್ದಾಗ ಯಾರ ಕಣ್ಣಿಗೂ ಬಿದ್ದಿರದ ಪುಸ್ತಕಗಳು ಸೂಪರಿಂಟೆಂಡೆಂಟ್ ಸಾಹೇಬರಿಗೆ ಒಮ್ಮೆಲೇ ಕಂಡವು. ಕನ್ನಡ ಓದುವವರು ಇಲ್ಲಿ ಯಾರಿದ್ದಾರೆಂದು ಕೇಳಿ, ರದ್ದಿಗೆ ಹಾಕಿ ಎಂದರು. ಮೂರು ಮೂಟೆ ಕಟ್ಟಿ ಬಾಗಿಲ ಬಳಿ ಇಟ್ಟರು. ಬೇಗಂ ಬಜಾರಿನಿಂದ ರದ್ದಿಯವನ ಬಂಡಿ ಬಂತು. ನಾನು ಹೋಗಿ ಮೂಟೆಯ ಮೇಲೆ ಕುಳಿತೆ.

ಬೈಂಡಿಂಗ್ ಮಾಡುವ ಮುದುಕರೊಬ್ಬರಿದ್ದರು, ಬೀದರ ಕಡೆಯವರು. ಓಡಿ ಬಂದರು.

"ಏಳವ್ವಾ! ನಿನ್ನ ನೌಕರಿ ಇನ್ನಾ ಕಚ್ಚಾ ಐತಿ, ಕಾಯಂ ಆಗಿಲ್ಲ. ರದ್ದಿ ಸಲುವಾಗಿ ಅನ್ನ ಕಳಕೋತೀ ಏನು?"

"ನಿಮ್ಮ ಮಾತೂ ಇದರಾಗ ಐತಿ, ಕಾಕಾ."

"ನನಗೆಲ್ಲಿ ಓದಾಕ ಬರ್ತೈತಿ? ನಾ ಕಲ್ತಿದ್ದು ಉರ್ದು, ಅಲಿಫ್ ಬೇ."

"ಓದಾಕ ಬರಂಗಿಲ್ಲಂತ ತೂಕಕ್ಕ ಹಾಕೋದೇನ್ರಿ?"

ನಾನು ಏಳಲಿಲ್ಲ. ಬಂಡಿ ಖಾಲಿ ಹೋಯಿತು.

ಮರುದಿನ ಮೆಮೊ ಬಂತು. ನನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು, ಬರೆದು ಉತ್ತರಿಸಬೇಕು ಎಂದು. ನಿಮ್ಮ ತಂದೆ ಆಗ ಶಾಲೆಯಲ್ಲಿದ್ದ. ಆ ಕೆಲಸವೊಂದೇ ನಮ್ಮ ಒಲೆ ಉರಿಸುತ್ತಿತ್ತು. ನನಗೆ ಬರುವುದು ಕನ್ನಡ. ಕನ್ನಡದಲ್ಲೇ ಬರೆದುಕೊಟ್ಟೆ.

ಸಾಹೇಬರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಕಚೇರಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಕೊನೆಗೆ ನನ್ನನ್ನೇ ಕರೆಸಿದರು: ನೀನು ಓದು, ಬೈಂಡರ್ ಹಿಂದಿಯಲ್ಲಿ ಹೇಳಲಿ.

ಕಾಗದ ತೆಗೆದುಕೊಂಡೆ. ಓದಿದೆ: "ಕನ್ನಡ ಓದುವವರು ಯಾರೂ ಇಲ್ಲವೆಂದಿರಿ. ನಾನಿದ್ದೇನೆ. ದಿನಾ ಓದುತ್ತೇನೆ. ಪುಸ್ತಕ ಕೊಡುವುದಿಲ್ಲ."

ಕಾಕಾ ಹಿಂದಿಯಲ್ಲಿ, ಈಕೆ ತಿಳಿಯದವಳು, ಮಾಫಿ ಕೇಳುತ್ತಿದ್ದಾಳೆ, ಸಾಬ್ ಎಂದರು.

"ಕಾಕಾ, ನಾ ಮಾಫಿ ಎಲ್ಲಿ ಕೇಳೀನ್ರಿ? ಇದ್ದದ್ದು ಇದ್ದಂಗ ಹೇಳ್ರಿ."

"ನಿನ್ನ ಹೊಟ್ಟಿ ಸಲುವಾಗಿ ಹೇಳಾಕತ್ತೀನಿ, ಹುಚ್ಚಿ!"

"ನನ್ನ ಹೊಟ್ಟಿ ನಾ ನೋಡ್ಕೋತೀನಿ."

ಅವರು ಆಗದೆಂದು ತಲೆಯಾಡಿಸಿದರು. ಆಗ, ಆ ಕಚೇರಿಯಲ್ಲಿ ಮೊದಲ ಸಲ, ಕಾಗದದಲ್ಲಿದ್ದದ್ದನ್ನು ನಾನೇ ಹಿಂದಿಯಲ್ಲಿ ಹೇಳಿದೆ. "ಮಾಫಿ ನಹೀಂ, ಸಾಬ್. ಮೈಂ ಪಢ್ತೀ. ಕಿತಾಬ್ ನಹೀಂ ದೇತೀ."

ಸಾಹೇಬರು ಕಾಗದವನ್ನು ಫೈಲಿಗೆ ಸೇರಿಸಿ, ಹೋಗು ಎಂದರು. ನನ್ನ ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಕಾಯಂ ಆದರು. ನನ್ನ ಸರದಿ ವರ್ಷಗಟ್ಟಲೆ ಹಿಂದೆ ಬಿತ್ತು. ಬೀಳಲಿ. ರದ್ದಿಯ ಬಂಡಿಯನ್ನು ಮತ್ತೆ ಯಾರೂ ಕರೆಸಲಿಲ್ಲ.

ಮೂಟೆ ಬಿಚ್ಚಿದಾಗ ಎಷ್ಟೋ ಪುಸ್ತಕಗಳ ರಟ್ಟು ಕಿತ್ತುಬಂದಿತ್ತು. ಕಾಕಾ ನನ್ನನ್ನು ಬೈಯುತ್ತಲೇ ಒಂದೊಂದಕ್ಕೂ ಹೊಸ ರಟ್ಟು ಹಾಕಿ, ಹೆಸರಿನ ಚೀಟಿಯನ್ನು ಬಲದಿಂದ ತೆರೆಯುವ ಉರ್ದು ಪುಸ್ತಕಕ್ಕೆ ಅಂಟಿಸುವಂತೆ ಕನ್ನಡದ ಹಿಂಬದಿಯ ರಟ್ಟಿಗೆ ಅಂಟಿಸಿದರು. ನಾನು ತಿದ್ದಲಿಲ್ಲ. ಹಾಗೆಯೇ ಕಪಾಟಿಗೆ ಏರಿಸಿದೆ.