ಹನ್ನೆರಡು ಮಿಲಿಸೆಕೆಂಡು

ವಿದ್ಯಾರ್ಥಿಗಳ ಬಾಯಲ್ಲಿ ಅವಳು ಚುಕ್ಕಿ ಮೇಡಂ. ಕಣ್ಣು ಪರದೆಯ ನಡುವೆ ಕದಲದೆ ನಿಂತಿದ್ದರೂ ಗಮನ ಮಾತ್ರ ಮೂಲೆಯಲ್ಲಿ ಮಿನುಗುವ ಚುಕ್ಕಿಯತ್ತ ಓಡುತ್ತದಲ್ಲ, ಮೆದುಳಿನ ಆ ಓಟವನ್ನು ಅಳೆಯುವುದೇ ಅವಳ ಜೀವನದ ಕೆಲಸ.

ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ, ಮೆದುಳಿನ ಅಲೆ ಹಿಡಿಯಲು ತಲೆಗೆ ಅಂಟಿಸುವ ತಂತಿಗಳ ಟೋಪಿ ಹಾಕಿಸಿಕೊಳ್ಳಲು ಯಾರೂ ಸಿಗದೆ ಅಕ್ಕನನ್ನೇ ಎಳೆದು ತಂದು ಕೂರಿಸಿದ್ದಳು. ಕೂದಲಿಗೆಲ್ಲ ಅಂಟು ಮೆತ್ತಿಸಿಕೊಂಡ ಅಕ್ಕ, "ನನ್ ತಲೇಲಿ ಏನೂ ಸಿಗಲ್ಲ ಕಣೇ, ಇದ್ದದ್ದನ್ನೆಲ್ಲ ನಿಮ್ ಭಾವ ತಿಂದು ಮುಗಿಸಿದಾರೆ" ಎಂದು ನಕ್ಕಿದ್ದಳು.

ಎರಡು ವರ್ಷದಲ್ಲಿ ಅರವತ್ತು ಜನರನ್ನು ಪರೀಕ್ಷಿಸಿದ ಮೇಲೆ ಒಂದು ಹೊಸ ಸಂಗತಿ ಕಂಡಿತು. ಮೇಲಿನ ಚುಕ್ಕಿಗೆ ಮೆದುಳು ಕೆಳಗಿನ ಚುಕ್ಕಿಗಿಂತ ಹನ್ನೆರಡು ಮಿಲಿಸೆಕೆಂಡು ಮೊದಲೇ ಸ್ಪಂದಿಸುತ್ತಿತ್ತು. ಅವಳ ಗೈಡ್, ಎಲ್ಲರೂ 'ದೊಡ್ಡವರು' ಎನ್ನುತ್ತಿದ್ದ ಪ್ರೊಫೆಸರ್, ಬೆನ್ನು ತಟ್ಟಿದರು. ಐದು ತಿಂಗಳಿಗೆ ಲೇಖನ ಅಚ್ಚಾಯಿತು. ಮೇಲೆ ದೊಡ್ಡವರ ಹೆಸರು, ಪಕ್ಕದಲ್ಲಿ ಅವರ ಅಳಿಯನದು. ಅವಳ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ, ಯಂತ್ರ ರಿಪೇರಿಯವನ ಹೆಸರಿನ ಕೆಳಗೆ.

ಹೋಗಿ ಕೇಳಿದಳು. ದೊಡ್ಡವರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಕೂದಲಿಗೆ ಅಂಟು ಹಚ್ಚೋದು ವಿಜ್ಞಾನ ಅಲ್ಲಮ್ಮ" ಎಂದರು.

ಹಲ್ಲು ಕಚ್ಚಿಕೊಂಡು ಪಿಎಚ್‌ಡಿ ಮುಗಿಸಿ, ಚಿಕ್ಕ ಕಾಲೇಜೊಂದಕ್ಕೆ ಸೇರಿದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಅದೇ ಪ್ರಯೋಗವನ್ನು ಮತ್ತೆ ಹೂಡಿ, ಈ ಬಾರಿ ಪರದೆಗೇ ಬೆಳಕು ಅಳೆಯುವ ಪುಟ್ಟ ಸಾಧನ ಅಂಟಿಸಿದಳು. ಪರದೆ ಚಿತ್ರವನ್ನು ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯುತ್ತದೆ. ಕೆಳಗಿನ ಚುಕ್ಕಿ ಬೆಳಗುವುದೇ ಹನ್ನೆರಡು ಮಿಲಿಸೆಕೆಂಡು ತಡವಾಗಿ! ಬೇಗ ಓಡಿದ್ದು ಮೆದುಳಲ್ಲ, ಪರದೆ. ತಾನು ಎರಡು ವರ್ಷ ಬೆವರು ಸುರಿಸಿದ ಸಂಗತಿಯೇ ಸುಳ್ಳು. ಆಮೇಲೆ ಒಬ್ಬಳೇ ಕೂತು ನಕ್ಕಳು.

"ನಿಮ್ ಸರ್‌ಗೆ ಪತ್ರ ಬರೆದು ತಿಳಿಸಿಬಿಡು" ಎಂದಳು ಅಕ್ಕ.

"ಈಗ ಹೇಳಿದ್ರೆ ಮೆಟ್ಟಿಲಲ್ಲಿ ಎಡವಿದ ಹಾಗಾಗುತ್ತೆ ಅಷ್ಟೇ. ಮಹಡಿ ಹತ್ತಲಿ ಬಿಡು."

"ದ್ವೇಷಕ್ಕೆ ಕಾವು ಕೊಟ್ಟು ಮರಿ ಮಾಡ್ತೀಯಲ್ಲೇ!"

ಒಂಬತ್ತು ವರ್ಷ ಕಾದಳು. ಆ ಹನ್ನೆರಡು ಮಿಲಿಸೆಕೆಂಡಿನ ಮೇಲೆ ದೊಡ್ಡವರು ಪ್ರಶಸ್ತಿ ಪಡೆದರು, ಹೊಸ ಪ್ರಯೋಗಾಲಯ ಕಟ್ಟಿಸಿದರು, ದಪ್ಪ ಪುಸ್ತಕ ಬರೆದರು. ಪ್ರಶಸ್ತಿ ಬಂದ ದಿನ ಅವಳು ಅಭಿನಂದನೆ ಕಳಿಸಿದಳು: 'ಇನ್ನೂ ಎತ್ತರಕ್ಕೆ ಏರಿ ಸರ್.' ಮನಸಾರೆ ಹಾಗೇ ಬಯಸಿದ್ದಳು.

ಹತ್ತನೆಯ ವರ್ಷದ ಸಮ್ಮೇಳನದಲ್ಲಿ ದೊಡ್ಡವರು ಮೊದಲ ಸಾಲಿನಲ್ಲಿ ಕೂತಿದ್ದರು. ಅವಳು ವೇದಿಕೆ ಹತ್ತಿ ಎರಡೇ ನಕ್ಷೆ ತೋರಿಸಿದಳು. ಒಂದು ಅವರದು. ಇನ್ನೊಂದು, ಪರದೆಯ ತಡವನ್ನು ಕಳೆದದ್ದು. ಎರಡನೆಯದರಲ್ಲಿ ಮೇಲೂ ಒಂದೇ, ಕೆಳಗೂ ಒಂದೇ. ಹನ್ನೆರಡು ಮಿಲಿಸೆಕೆಂಡು ಮಾಯ.

"ಇದನ್ನ ನಂಗೆ ಮೊದ್ಲೇ ಹೇಳ್ಬಹುದಿತ್ತಲ್ಲಮ್ಮ" ಎಂದರು ದೊಡ್ಡವರು.

"ಅಂಟು ಹಚ್ಚೋಳ ಮಾತು ವಿಜ್ಞಾನ ಅಲ್ವಲ್ಲ ಸರ್."

ನಾಲ್ಕು ತಿಂಗಳಲ್ಲಿ ಆ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ದೊಡ್ಡವರನ್ನು ಭಾಷಣಕ್ಕೆ ಕರೆಯುವವರಿಲ್ಲದಾಯಿತು. ಅಳಿಯ ಕೆಲಸ ಬಿಟ್ಟು ಯಂತ್ರ ಮಾರುವ ಕಂಪನಿ ಸೇರಿದ. ಒಂದೊಂದು ಸುದ್ದಿ ಬಂದ ದಿನವೂ ಅವಳಿಗೆ ಊಟ ರುಚಿಸಿತು.

ಆಮೇಲೊಂದು ಮಧ್ಯಾಹ್ನ ದೊಡ್ಡವರ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತಳು. ಅವಳ ಪಿಎಚ್‌ಡಿ ಪೂರ್ತಿ ಆ ಲೇಖನವನ್ನೇ ನಂಬಿ ನಿಂತಿತ್ತು.

"ನಿಮಗಿದು ಯಾವಾಗ ಗೊತ್ತಾಯ್ತು ಮೇಡಂ?"

'ಹೋದ ವರ್ಷ' ಎಂಬ ಸುಳ್ಳು ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. "ಹತ್ತು ವರ್ಷ ಆಯ್ತು."

"ನಾನು ಸೇರಿ ಐದು ವರ್ಷ." ಹುಡುಗಿ ಅಳಲಿಲ್ಲ. "ಅವರು ನಿಮ್ಮ ಹೆಸರು ನುಂಗಿದ್ರು. ನೀವು ನನ್ನ ಐದು ವರ್ಷ ನುಂಗಿದ್ರಿ."

"ನನ್ನ ಲ್ಯಾಬಿಗೆ ಬಾ. ಹೊಸದಾಗಿ ಶುರು ಮಾಡೋಣ."

"ನಿಮ್ಮ ಕೈಕೆಳಗಾ?" ಎಂದು ಹುಡುಗಿ ಹೊರಟೇಹೋದಳು.

ಚುಕ್ಕಿ ಮೇಡಂ ಆ ಹುಡುಗಿಗಾಗಿ ಮೂರು ಕಡೆ ಶಿಫಾರಸು ಬರೆದಳು. ಒಂದು ಕಡೆ ಅವಳಿಗೆ ಜಾಗ ಸಿಕ್ಕಿತೆಂದು ಬೇರೆಯವರಿಂದ ತಿಳಿಯಿತು. ಹುಡುಗಿಯಿಂದ ಒಂದು ಸಾಲೂ ಬರಲಿಲ್ಲ, ಬರಲೆಂದು ಇವಳು ಕಾಯಲೂ ಇಲ್ಲ. ಆ ಐದು ವರ್ಷದ ಮಾತು ಮಾತ್ರ ಪಾಠ ಮಾಡುವಾಗಲೂ ಒಮ್ಮೊಮ್ಮೆ ಚುಚ್ಚುತ್ತದೆ.

ದೊಡ್ಡವರ ವಿಷಯದಲ್ಲಿ ಮಾತ್ರ ಅವಳಿಗೆ ಇವತ್ತಿಗೂ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.